ಮುಂಬೈ ಮ್ಯಾರಥಾನ್: ಟೈಮಿಂಗ್ ಬೇಕಿದ್ದವರು ಬೇರೆ ಊರು ನೋಡಿ

ಮೊದಲ ಫುಲ್ ಮ್ಯಾರಥಾನ್ (42 ಕಿಲೋಮೀಟರ್ ಚಿಲ್ಲರೆ) ಓಡೋದಕ್ಕೆ ಮುಂಬೈ ಹೇಗೆ ಅಂತ ನಮ್ಮ ಓಟದ ಗುಂಪಿನಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ಧಾರಾಳವಾಗಿ ಹೋಗಿ. ಆದರೆ ಪರ್ಸನಲ್ ಬೆಸ್ಟ್, ಅಂದರೆ ನಿಮ್ಮದೇ ಅತಿ ವೇಗದ ಟೈಮಿಂಗ್, ಮಾಡುತ್ತೇನೆ ಅನ್ನೋ ಆಸೆ ಇಟ್ಟುಕೊಳ್ಳಬೇಡಿ.

ಸುಮ್ನೆ ಹೇಳುತ್ತಿಲ್ಲ, ಫಲಿತಾಂಶ ನೋಡಿ. ಪುರುಷರ ಕೋರ್ಸ್ ದಾಖಲೆ, ಅಂದರೆ ಈ ದಾರಿಯಲ್ಲಿ ಅತಿ ವೇಗದ ಓಟ, 2:07:32 (ಗಂಟೆ:ನಿಮಿಷ:ಸೆಕೆಂಡು). 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ ಓಡಿದ್ದು. ಇವರು 2016ರಲ್ಲಿ ಬೋಸ್ಟನ್ ಮ್ಯಾರಥಾನ್ ಗೆದ್ದವರು, ಅದೇ ವರ್ಷ ದುಬೈನ ಸಪಾಟು ರಸ್ತೆಯಲ್ಲಿ 2:04:33ಕ್ಕೆ ಮುಗಿಸಿದ್ದವರು. ಅಂಥವರಿಗೇ ಮುಂಬೈನಲ್ಲಿ ಮೂರು ನಿಮಿಷ ಜಾಸ್ತಿ ಬೇಕಾಯಿತು ಅಂದರೆ ನಮ್ಮ ಪಾಡೇನು? ಹೆಂಗಸರ ದಾಖಲೆ ಇನ್ನೂ ಮಜಾ. ಕೀನ್ಯಾದ ವ್ಯಾಲೆಂಟೈನ್ ಕಿಪ್ಕೆಟೆರ್ 2013ರಲ್ಲಿ ಓಡಿದ 2:24:33 ಹತ್ತು ವರ್ಷ ಅಲ್ಲಾಡಲಿಲ್ಲ. 2023ರಲ್ಲಿ ಇಥಿಯೋಪಿಯಾದ ಅಂಚಲೆಮ್ ಹೈಮನೋಟ್ ಅದನ್ನು ಮುರಿದರೂ ಉಳಿಸಿದ್ದು ಬರೀ 18 ಸೆಕೆಂಡು.

2004ರಲ್ಲಿ ಶುರುವಾದಾಗ ಗೆದ್ದದ್ದು ದಕ್ಷಿಣ ಆಫ್ರಿಕಾದ ಹೆಂಡ್ರಿಕ್ ರಮಾಲಾ, ಆಗ ಗೆಲುವಿನ ಸಮಯವೇ 2:15 ದಾಟಿತ್ತು. ಆಮೇಲೆ ಹೆಚ್ಚಾಗಿ ಕೀನ್ಯಾ, ಇಥಿಯೋಪಿಯಾದವರದೇ ಕಾರುಬಾರು. ನಮ್ಮವರಲ್ಲಿ ನಿತೇಂದ್ರ ಸಿಂಗ್ ರಾವತ್ 2016ರಲ್ಲಿ 2:15:48, ಸುಧಾ ಸಿಂಗ್ 2019ರಲ್ಲಿ 2:34:56 ಓಡಿದ್ದಾರೆ. ಆ ಸೆಕೆಯಲ್ಲಿ ಅದು ಸಣ್ಣ ಮಾತಲ್ಲ. ಪೇಪರ್‌ನವರು ಮಾತ್ರ ಡ್ರೀಮ್ ರನ್‌ನಲ್ಲಿ (ಅದೇ ದಿನ ನಡೆಯೋ ಮೋಜಿನ ಚಿಕ್ಕ ಓಟ) ವೇಷ ಹಾಕಿಕೊಂಡು ಬಂದವರ ಫೋಟೋನೇ ದೊಡ್ಡದಾಗಿ ಹಾಕುತ್ತಾರೆ, ಅದು ಬೇರೆ ವಿಷಯ.

ಈಗ ರಸ್ತೆಗೆ ಬರೋಣ, ನಾನು ಓಡಿದಾಗಿನ ದಾರಿ ಹೇಳುತ್ತೇನೆ. ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಸ್ಟೇಷನ್ ಎದುರು ಕತ್ತಲಲ್ಲೇ ಓಟ ಶುರು. ಮರೀನ್ ಡ್ರೈವ್, ಪೆಡ್ಡರ್ ರೋಡ್, ಹಾಜಿ ಅಲಿ ದಾಟಿ ಬಾಂದ್ರಾ-ವರ್ಲಿ ಸೀ ಲಿಂಕ್ ಹತ್ತಬೇಕು. 2009ರಲ್ಲಿ ತೆರೆದ ಸೇತುವೆ ಇದು, ಉಳಿದ ದಿನ ಇಲ್ಲಿ ಕಾರು, ಬಸ್ಸಿನಂಥವಕ್ಕಷ್ಟೇ ದಾರಿ, ಬೈಕಿಗೂ ಪ್ರವೇಶ ಇಲ್ಲ, ನಡೆದು ಹೋಗೋ ಮಾತಂತೂ ದೂರ. ಅಲ್ಲಿ ಜನ ಇಲ್ಲ, ಬ್ಯಾಂಡ್ ಇಲ್ಲ. ಸಾವಿರಾರು ಶೂಗಳು ಟಪಟಪ ಅನ್ನೋದು, ಪಕ್ಕದವರ ಏದುಸಿರು, ಕೆಳಗಡೆಯಿಂದ ಬರೋ ಉಪ್ಪುಗಾಳಿ, ನಡುನಡುವೆ ಕಾಲಿಗೆ ಸಿಗೋ ಕಬ್ಬಿಣದ ಜಾಯಿಂಟು, ಇಷ್ಟೇ. ಕೊಟ್ಟ ಫೀಸಿನಲ್ಲಿ ಅರ್ಧ ನನಗೆ ಇಲ್ಲೇ ವಸೂಲಾಯಿತು.

ಮಾಹಿಮ್, ಶಿವಾಜಿ ಪಾರ್ಕ್ ಕಡೆ ಬರೋ ಹೊತ್ತಿಗೆ ಬಿಸಿಲು ಹತ್ತಿರುತ್ತದೆ. ಜನವರಿ ಅಂದರೆ ಚಳಿ ಅಂತ ನಾವು ಬೆಂಗಳೂರಿನವರು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿನ ತೇವಕ್ಕೆ ಬೆವರು ಆರೋದೇ ಇಲ್ಲ, ಮೈ ತಣ್ಣಗಾಗೋದಿಲ್ಲ, ಅದಕ್ಕೇ ಪೇಸ್ (ಓಟದ ವೇಗ) ತಾನಾಗಿ ಬೀಳುತ್ತದೆ. ಆದರೆ ಜನ ಬೀಳೋದಕ್ಕೆ ಬಿಡೋದಿಲ್ಲ. ಮನೆ ಮುಂದೆ ಟೇಬಲ್ ಹಾಕಿ ಬಿಡಿಸಿದ ಕಿತ್ತಳೆ, ಚಿಕ್ಕಿ, ಬಿಸ್ಕೆಟ್, ಉಪ್ಪು ಇಟ್ಟಿರುತ್ತಾರೆ. ಒಬ್ಬ ಅಜ್ಜಿ ಸ್ಟೀಲ್ ತಟ್ಟೆ ಹಿಡಿದುಕೊಂಡು ಎರಡು ಹೆಜ್ಜೆ ನನ್ನ ಜೊತೆಗೇ ಓಡಿ, ಕಿತ್ತಳೆ ತೊಳೆ ಕೈಗಿಟ್ಟು, ಮರಾಠಿಯಲ್ಲಿ ಏನೋ ಗದರಿಸಿದರು. ನಿಲ್ಲಬೇಡ ಅಂತಲೇ ಇರಬೇಕು. ಹಣ ಕೊಟ್ಟು ನಿಲ್ಲಿಸಿದ ಚಿಯರ್ ಗುಂಪಿಗೆ ಇದು ಬರೋದಿಲ್ಲ.

ವಾಪಸ್ ಬರುವಾಗ, 35ನೇ ಕಿಲೋಮೀಟರ್ ಆಸುಪಾಸಿನಲ್ಲಿ ಪೆಡ್ಡರ್ ರೋಡ್ ಏರು ಇನ್ನೊಮ್ಮೆ ಬರುತ್ತದೆ. ನಮ್ಮ ಕಡೆ ಗುಡ್ಡ ನೋಡಿದವರಿಗೆ ಅದು ಗುಡ್ಡವೇ ಅಲ್ಲ. ಆದರೆ ಬೆಳಿಗ್ಗೆ ಗೊತ್ತೇ ಆಗದ ಅದೇ ರಸ್ತೆ ಈಗ ಹೊಸೂರು ಫ್ಲೈಓವರ್ ಅನ್ನು ಸೈಕಲ್‌ನಲ್ಲಿ ಡಬಲ್ ಹತ್ತಿಸಿದ ಹಾಗಿರುತ್ತದೆ. ಅಲ್ಲಿ ಬಹಳ ಜನ ನಡೆಯುತ್ತಾರೆ. ನೀವೂ ನಡೆಯಿರಿ, ಯಾರೂ ಏನೂ ಅನ್ನೋದಿಲ್ಲ. ತರಬೇತಿಯಲ್ಲಿ ಉದ್ದದ ಓಟದ ಕೊನೆಗೆ ಒಂದು ಏರು ಸೇರಿಸಿಕೊಂಡರೆ ಒಳ್ಳೆಯದು.

ಹೋಗೋರಿಗೆ ಒಂದೆರಡು ಮಾತು. ಬಿಬ್ (ಎದೆಗೆ ಚುಚ್ಚಿಕೊಳ್ಳೋ ನಂಬರ್ ಚೀಟಿ) ಇಸ್ಕೊಳ್ಳೋದು ಮುಂಚಿನ ದಿನಗಳಲ್ಲಿ, ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಎಕ್ಸ್‌ಪೋದಲ್ಲಿ. ಓಟದ ದಿನ ಕೊಡೋದಿಲ್ಲ, ಹಾಗಾಗಿ ಶನಿವಾರ ರಾತ್ರಿ ಬಸ್ಸಿಗೆ ಹೊರಡೋ ಯೋಚನೆ ಬೇಡ. ಡೊಂಬಿವಲಿಯಲ್ಲೋ ಥಾಣೆಯಲ್ಲೋ ಚಿಕ್ಕಪ್ಪನ ಮನೆ ಇದ್ದರೆ ಹೋಟೆಲ್ ಖರ್ಚು ಮಾಡಬೇಡಿ. ಬೆಳಗಿನ ಜಾವ ಓಟಗಾರರಿಗಾಗಿಯೇ ಕಲ್ಯಾಣ್ ಕಡೆಯಿಂದ ವಿಶೇಷ ಲೋಕಲ್ ಬಿಡುವುದುಂಟು, ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ವಿಮಾನದಲ್ಲಿ ಹೋಗೋರು ಶೂ ಕೈಚೀಲದಲ್ಲೇ ಇಟ್ಟುಕೊಳ್ಳಿ. 2020ರಲ್ಲಿ ಇಥಿಯೋಪಿಯಾದ ಡೆರಾರಾ ಹುರಿಸಾ ತನ್ನ ಶೂ ಸಿಗದೆ ಬೇರೆಯವರ ಶೂ ಹಾಕಿಕೊಂಡು ಓಡಿ, 2:08:09ಕ್ಕೆ ಗೆದ್ದು, ಆಗಿನ ಕೋರ್ಸ್ ದಾಖಲೆಯನ್ನೂ ಮುರಿದರು. ಅವರಿಗೆ ನಡೆಯಿತು. ನಮಗೆ ಹತ್ತನೇ ಕಿಲೋಮೀಟರಿಗೇ ಗುಳ್ಳೆ ಏಳುತ್ತದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಸೆಕೆಗೆ.