ಹಸಿರು ಹಾರ್ಮಾನಿಕ್‌ಗೆ ಎಸ್‌ಓಐ ವೇಫರ್ ಬೇಡ, ಗಾಜಿನ ಮೇಲಿನ ಸಿಲಿಕಾನೇ ಸಾಕು

1550 ನ್ಯಾನೊಮೀಟರ್ ಲೇಸರನ್ನು ಸಿಲಿಕಾನ್ ನ್ಯಾನೊ ಬಿಲ್ಲೆಗಳ ಮೇಲೆ ಹಾಯಿಸಿ ಅದರ ಮೂರನೇ ಹಾರ್ಮಾನಿಕ್, ಅಂದರೆ ಮೂರನೇ ಒಂದರಷ್ಟು ತರಂಗಾಂತರದ 517ರ ಹಸಿರು ಪಡೆಯಬೇಕೆನ್ನುವವರಿಗೆ ನನ್ನ ಉತ್ತರ ಒಂದೇ: ಫ್ಯೂಸ್ಡ್ ಸಿಲಿಕಾ (ಶುದ್ಧ ಗಾಜು) ಮೇಲೆ ಅಮಾರ್ಫಸ್ (ಸ್ಫಟಿಕವಲ್ಲದ) ಸಿಲಿಕಾನ್ ಕೂರಿಸಿಕೊಳ್ಳಿ. ಇದರಲ್ಲೂ ಎಸ್‌ಓಐನಲ್ಲೂ (ಸಿಲಿಕಾನ್-ಆನ್-ಇನ್ಸುಲೇಟರ್, ನಡುವೆ ಆಕ್ಸೈಡ್ ಪದರವಿರುವ ಸಿಲಿಕಾನ್ ವೇಫರ್) ಸ್ಯಾಂಪಲ್ ಮಾಡಿ ಅಳೆದ ಮೇಲೆ ಹೇಳುತ್ತಿದ್ದೇನೆ.

ಎಸ್‌ಓಐ ಕಳಪೆ ಮಾಲಲ್ಲ. ಸ್ಫಟಿಕ ಸಿಲಿಕಾನ್, ಎಚಿಂಗ್ (ಕೊರೆತ) ಆದ ಮೇಲೆ ಬಿಲ್ಲೆಗಳ ಗೋಡೆ ನೆಟ್ಟಗೆ ನಿಲ್ಲುತ್ತದೆ. ತಕರಾರು ಇರುವುದು ತಳದಲ್ಲಿ. ಮೇಲೆ 220 ನ್ಯಾನೊಮೀಟರ್ ಪದರ, ಅದರಡಿ 2 ಮೈಕ್ರಾನ್ ಆಕ್ಸೈಡ್, ಅದಕ್ಕೂ ಕೆಳಗೆ ಅರ್ಧ ಮಿಲಿಮೀಟರಿಗೂ ದಪ್ಪನೆಯ ಸಿಲಿಕಾನ್. ಈ ತಳ 1550ನ್ನು ದಾಟಲು ಬಿಡುತ್ತದೆ, ಹಸಿರನ್ನು ಮಾತ್ರ ಕೆಲವೇ ಮೈಕ್ರಾನಿನಲ್ಲಿ ನುಂಗಿಬಿಡುತ್ತದೆ. ಬಿಲ್ಲೆಗಳು ಕೆಳಮುಖವಾಗಿ ಚೆಲ್ಲಿದ ಬೆಳಕಿನ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ.

ಉಳಿದದ್ದನ್ನು ಮೇಲಿನಿಂದಲೇ ಹಿಡಿಯಬೇಕು. ಪಂಪ್ (1550ರ ಲೇಸರ್) ಕಳಿಸುವುದಕ್ಕೂ ಹಸಿರು ಸಿಗ್ನಲ್ ಎತ್ತುವುದಕ್ಕೂ ಒಂದೇ ಆಬ್ಜೆಕ್ಟಿವ್ ಲೆನ್ಸ್. ನಮ್ಮದರಲ್ಲಿ 1550ಕ್ಕೆ ಫೋಕಸ್ ಕೂಡಿಸಿದರೆ 517ಕ್ಕೆ ಕೂಡುವುದಿಲ್ಲ. ಕ್ಯಾಮೆರಾದಲ್ಲಿ ಬಿಲ್ಲೆಗಳ ಸಾಲು ಒಂದು ಮಸುಕು ಹಸಿರು ಕಲೆಯಾಗಿ ಹರಡಿಕೊಳ್ಳುತ್ತದೆ.

ಅದನ್ನಾದರೂ ಸಹಿಸಬಹುದು. ಆಕ್ಸೈಡಿನ ತಳಕ್ಕೆ ತಾಗಿ ವಾಪಸಾಗುವ ಬೆಳಕು ವ್ಯತಿಕರಣಗೊಂಡು ಸ್ಪೆಕ್ಟ್ರಮ್‌ನಲ್ಲಿ ತನ್ನದೇ ಏರಿಳಿತ ಮೂಡಿಸುತ್ತದಲ್ಲ, ಅದು ನಿಜವಾದ ಪೀಡೆ. ಯಾವ ಶಿಖರ ಬಿಲ್ಲೆಯ ಅನುರಣನದ್ದು (ಕೆಲವು ತರಂಗಾಂತರಗಳ ಬೆಳಕಿಗೆ ಬಿಲ್ಲೆ ಬಲವಾಗಿ ಸ್ಪಂದಿಸುವುದು), ಯಾವುದು ಆಕ್ಸೈಡ್ ಎಬ್ಬಿಸಿದ್ದು ಎಂದು ಬಿಡಿಸಲು ಪ್ರತಿ ವ್ಯಾಸಕ್ಕೂ ಸಿಮ್ಯುಲೇಶನ್ ಓಡಿಸಬೇಕಾಯಿತು. ಬಿಲ್ಲೆಗಳ ಕಾಂತೀಯ ಅನುರಣನದಿಂದ ಮೂರನೇ ಹಾರ್ಮಾನಿಕ್ ನೂರು ಪಟ್ಟಿನಷ್ಟು ಹೆಚ್ಚುತ್ತದೆಂದು 2014ರಲ್ಲಿ ‘ನ್ಯಾನೊ ಲೆಟರ್ಸ್’ನಲ್ಲಿ ತೋರಿಸಿದ ಶೆರ್ಬಕೋವ್ ತಂಡವೂ ದಕ್ಷತೆಗೆ ಮಿತಿ ಹಾಕಿದ್ದು ತಳದಲ್ಲಾಗುವ ಎರಡು-ಫೋಟಾನ್ ಹೀರಿಕೆ (ಎರಡು ಬೆಳಕಿನ ಕಣಗಳನ್ನು ಒಟ್ಟಿಗೆ ಹೀರುವುದು) ಎಂದೇ ಬರೆದಿದೆ.

ಫ್ಯೂಸ್ಡ್ ಸಿಲಿಕಾದಲ್ಲಿ ಈ ಗೋಳಿಲ್ಲ. ಹಸಿರು ಆ ಕಡೆಯಿಂದ ಹೊರಬರುತ್ತದೆ, ಎರಡನೇ ಆಬ್ಜೆಕ್ಟಿವ್ ಮತ್ತು 1550ನ್ನು ತಡೆದು ಹಸಿರನ್ನು ಬಿಡುವ ಒಂದು ಶಾರ್ಟ್‌ಪಾಸ್ ಫಿಲ್ಟರ್ ಇಟ್ಟರೆ ಕೆಲಸ ಆಯಿತು. ಅಮಾರ್ಫಸ್ ಸಿಲಿಕಾನ್ ಹಸಿರನ್ನು ಸ್ಫಟಿಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೀರುತ್ತದೆ, ನಿಜ. ಆದರೆ ಹೀರುವುದು ಬಿಲ್ಲೆಯ ದಪ್ಪದಷ್ಟು ಮಾತ್ರ.

ಗಾಜಿಗೂ ತಾಪತ್ರಯಗಳಿವೆ. ಇ-ಬೀಮ್‌ನಿಂದ (ಎಲೆಕ್ಟ್ರಾನ್ ಕಿರಣ) ಬಿಲ್ಲೆಗಳ ವಿನ್ಯಾಸ ಬರೆಯುವಾಗ ಗಾಜು ಚಾರ್ಜ್ ಆಗಿ ವಿನ್ಯಾಸ ಜರುಗುತ್ತದೆ. ರೆಸಿಸ್ಟ್ (ವಿನ್ಯಾಸ ಬರೆಸಿಕೊಳ್ಳುವ ಲೇಪ) ಮೇಲೆ ನೀರಲ್ಲಿ ಕರಗುವ ವಾಹಕ ಪಾಲಿಮರ್ ಬಳಿದು, ಡೆವಲಪ್ ಮಾಡುವ ಮುಂಚೆ ತೊಳೆದುಬಿಡಿ. ಗಾಜು ಶಾಖವನ್ನು ಬೇಗ ಸಾಗಿಸುವುದಿಲ್ಲ, ಲೇಸರ್ ಪವರನ್ನು ಮೆಲ್ಲಗೆ ಏರಿಸಿ.

ವಿನ್ಯಾಸ ಬದಲಾದಂತೆ ದಪ್ಪವನ್ನೂ ಬದಲಿಸುವ ಅಭ್ಯಾಸ ನನ್ನದು. 260 ನ್ಯಾನೊಮೀಟರ್ ಬೇಕೆಂದರೆ ಪಿಇಸಿವಿಡಿಯಲ್ಲಿ (ಪ್ಲಾಸ್ಮಾ ಬಳಸಿ ಅನಿಲದಿಂದ ಪದರ ಕೂರಿಸುವ ವಿಧಾನ) ಸಣ್ಣ ತುಂಡಿನ ಮೇಲೆ ಅಷ್ಟೇ ಕೂರಿಸಿಕೊಳ್ಳುತ್ತೇನೆ. ಎಸ್‌ಓಐನಲ್ಲಿ ಬೇರೆ ದಪ್ಪ ಬೇಕೆಂದರೆ ಬೇರೆ ವೇಫರನ್ನೇ ತರಿಸಬೇಕು, ನಮ್ಮ ಗ್ರಾಂಟಿಗೆ ಅದು ಭಾರ. ಮೇಲಿನಿಂದಲೇ ಅಳೆಯುವ ರಿಫ್ಲೆಕ್ಷನ್ ಸೆಟಪ್ ಸಿದ್ಧವಿದ್ದು, ಒಂದೇ ದಪ್ಪಕ್ಕೆ ಅಂಟಿಕೊಳ್ಳುವವರು ಬೇಕಾದರೆ ಎಸ್‌ಓಐ ಕೊಳ್ಳಲಿ.