ಮಗುವಿನ ಗಾಡಿ ತಳ್ಳುತ್ತಾ ಓಡಲು ಬೆಂಗಳೂರಿನಲ್ಲಿ ಯಾವುದು ಸರಿ: ಲಾಲ್‌ಬಾಗೋ, ಕಬ್ಬನ್ ಪಾರ್ಕೋ, ಕೆರೆ ದಾರಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಲಾಲ್‌ಬಾಗ್. ಕಬ್ಬನ್ ಪಾರ್ಕ್ ಭಾನುವಾರಕ್ಕೆ. ಕೆರೆ ಸುತ್ತಿನ ದಾರಿ ನಡೆಯುವವರಿಗೆ ಚೆನ್ನ, ಗಾಡಿಗಲ್ಲ. ಇನ್ನು ಮನೆ ಹತ್ತಿರದ ಬಡಾವಣೆ ಪಾರ್ಕು. ಬಹಳ ಜನ ಅದನ್ನೇ ನಂಬಿಕೊಂಡು ಜಾಗಿಂಗ್ ಸ್ಟ್ರಾಲರ್, ಅಂದರೆ ಓಡುತ್ತಾ ತಳ್ಳಲೆಂದೇ ಮಾಡಿದ ಮಗುವಿನ ಗಾಡಿ, ಕೊಳ್ಳುತ್ತಾರೆ, ದುಡ್ಡು ದಂಡವಾಗುವುದೂ ಅಲ್ಲೇ.

ಕಾರಣ ಗೇಟು. ಸ್ಕೂಟರ್ ನುಗ್ಗದಿರಲಿ ಅಂತ ಬಡಾವಣೆ ಪಾರ್ಕುಗಳ ಬಾಗಿಲಲ್ಲಿ ಕಬ್ಬಿಣದ ಪೈಪನ್ನು ಅಂಕುಡೊಂಕಾಗಿ ನೆಟ್ಟಿರುತ್ತಾರೆ. ಒಬ್ಬ ಮನುಷ್ಯ ಮೈ ತಿರುಗಿಸಿಕೊಂಡು ದಾಟುವಷ್ಟೇ ಸಂದು. ಮೂರು ಚಕ್ರದ ಜಾಗಿಂಗ್ ಸ್ಟ್ರಾಲರಿನ ಹಿಂದಿನ ಅಗಲ ಸಾಮಾನ್ಯವಾಗಿ 60ರಿಂದ 70 ಸೆಂ.ಮೀ., ಉದ್ದ ಒಂದು ಮೀಟರಿಗೂ ಹೆಚ್ಚು. ಅಂಗಡಿಯಲ್ಲಿ ಅಗಲವನ್ನಷ್ಟೇ ನೋಡಿ ಕೊಂಡವರಿಗೆ ಇಲ್ಲಿ ಉದ್ದ ಕೈಕೊಡುತ್ತದೆ. ಮೊದಲ ಪೈಪು ದಾಟಿದರೂ ಎರಡನೆಯದರ ಮುಂದೆ ಗಾಡಿ ತಿರುಗುವುದಿಲ್ಲ. ಮುಂದಿನ ಚಕ್ರ ಅತ್ತಿತ್ತ ತಿರುಗದಂತೆ ಲಾಕ್ ಆಗಿದ್ದರಂತೂ ಹಿಂದಕ್ಕೂ ಬಾರದೆ ಸಿಕ್ಕಿಕೊಳ್ಳುತ್ತದೆ.

ಆಗ ಎಲ್ಲರೂ ಮಾಡುವ ತಪ್ಪು ಒಂದೇ, ಮಗು ಒಳಗಿರುವಂತೆಯೇ ಗಾಡಿಯನ್ನು ಎತ್ತುವುದು. ಗಾಡಿಯೇ 10–12 ಕೆ.ಜಿ., ಎಂಟೊಂಬತ್ತು ತಿಂಗಳ ಮಗು ಇನ್ನೊಂದು 8 ಕೆ.ಜಿ. ಮುಂದೆ ಹಿಡಿಯಲು ಬಂದವರು ಯಾವ ಕಂಬಿ ಗಟ್ಟಿ, ಯಾವುದು ಬಿಚ್ಚಿಕೊಳ್ಳುವಂಥದ್ದು ಅಂತ ತಿಳಿಯದೆ ಎತ್ತುತ್ತಾರೆ. ಮಡಚುವ ಕೊಂಡಿ ಬಿಚ್ಚಿಕೊಂಡರೆ ಮಗುವಿನ ಸಮೇತ ಗಾಡಿ ಮಡಚಿಕೊಳ್ಳುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಬ್ರೇಕ್ ಹಾಕಿ, ಮಗುವನ್ನು ಇಳಿಸಿ ಜೊತೆಯವರ ಕೈಗೆ ಕೊಡಿ, ಗಾಡಿ ಮಡಚಿ, ಪಕ್ಕಕ್ಕೆ ವಾಲಿಸಿ ದಾಟಿಸಿ. ಒಬ್ಬರೇ ಇದ್ದರೆ ಆ ಗೇಟಿನ ಆಸೆ ಬಿಡಿ. ಎಷ್ಟೋ ಪಾರ್ಕುಗಳಲ್ಲಿ ಕಸದ ಗಾಡಿಗೆಂದು ಬೇರೆ ದೊಡ್ಡ ಗೇಟು ಇರುತ್ತದೆ. ಬೀಗದ ಕೈ ಮಾಲಿ ಹತ್ತಿರ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಗಾಡಿ ಕೊಳ್ಳುವುದಕ್ಕೆ ಮೊದಲೇ ಕೇಳಿಕೊಳ್ಳಿ. ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ ಸಂದಿನ ಅಗಲ, ತಿರುವಿನ ಜಾಗ ಎರಡನ್ನೂ ಅಳೆದು ಬನ್ನಿ.

ಲಾಲ್‌ಬಾಗಿನಲ್ಲಿ ಈ ತಾಪತ್ರಯವಿಲ್ಲ. 240 ಎಕರೆ, ಸುತ್ತ ಕಾಂಪೌಂಡು, ಒಳಗೆ ಅಗಲವಾದ ಡಾಂಬರು ರಸ್ತೆ, ಹಾರ್ನ್ ಹೊಡೆಯುತ್ತಾ ಬೈಕು ಬರುವುದಿಲ್ಲ. ಬೆಳಗಿನ ವಾಕಿಂಗ್ ಹೊತ್ತು ಮುಗಿದ ಮೇಲೆ ಟಿಕೆಟ್ ತೆಗೆದುಕೊಳ್ಳಬೇಕು, ಅದಕ್ಕೆ ಮುಂಚೆ ಪುಕ್ಕಟೆ. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊ ನಿಲ್ದಾಣ ಪಶ್ಚಿಮ ಗೇಟಿನ ಹತ್ತಿರವೇ ಇದೆ. ನಿಲ್ದಾಣದಲ್ಲಿ ಲಿಫ್ಟ್ ಉಂಟು, ಗಾಲಿಕುರ್ಚಿಗೆಂದು ಇರುವ ಅಗಲದ ಗೇಟಿನಲ್ಲಿ ಸ್ಟ್ರಾಲರನ್ನು ಮಡಚದೆ ದಾಟಿಸಬಹುದು.

ಏರಿಳಿತ ಮಾತ್ರ ಇದೆ. ಏರಿನಲ್ಲಿ ಎರಡೂ ಕೈಯಲ್ಲಿ ತಳ್ಳಿ, ಹೆಜ್ಜೆ ಚಿಕ್ಕದಾಗಿರಲಿ. ಇಳಿಜಾರಿನಲ್ಲಿ ಹಿಡಿಯ ಪಟ್ಟಿ ಮಣಿಕಟ್ಟಿಗೆ ಸಿಕ್ಕಿರಲೇಬೇಕು. ಬೆವರಿದ ಕೈ ಜಾರುವುದು ಒಂದು ಕ್ಷಣದ ಮಾತು. ಕೆಂಪೇಗೌಡ ಗೋಪುರದ ಬಂಡೆಯ ಕಡೆಗೆ ಗಾಡಿ ಒಯ್ಯಲೇಬೇಡಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು, ಮಗುವನ್ನು ಎತ್ತಿಕೊಂಡು ಹತ್ತಿ ನೋಡುವಂಥದ್ದು. ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇಲ್ಲಿ ಓಡುವ ಮಾತೇ ಇಲ್ಲ.

ಕಬ್ಬನ್ ಪಾರ್ಕಿನ ನೆರಳು ಇನ್ನೂ ದಟ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರದ ದಿನಗಳಲ್ಲಿ ಬೆಳಗ್ಗೆ 8ರ ನಂತರ ಒಳರಸ್ತೆಗೆ ವಾಹನ ಬಿಡುತ್ತಾರೆ. ಮಗು ಎದ್ದು, ಹಾಲು ಕುಡಿದು, ಡಯಾಪರ್ ಬದಲಾಯಿಸಿ ಹೊರಡುವಷ್ಟರಲ್ಲಿ 7 ದಾಟಿರುತ್ತದೆ, ಓಡಲು ಉಳಿಯುವುದು ಅರ್ಧ ಗಂಟೆ. ಗಾಡಿಯಲ್ಲಿ ಕೂತ ಮಗುವಿನ ಮೂಗು ಕಾರಿನ ಹೊಗೆ ಕೊಳವೆಗಿಂತ ಸ್ವಲ್ಪವೇ ಮೇಲಿರುತ್ತದೆ ಅನ್ನುವುದನ್ನು ಮರೆಯಬಾರದು. ಭಾನುವಾರ ಇಡೀ ದಿನ ವಾಹನವಿಲ್ಲ, ಆ ದಿನ ಇದಕ್ಕಿಂತ ಚೆಂದದ ಜಾಗ ಊರಲ್ಲಿ ಇನ್ನೊಂದಿಲ್ಲ. ಡಾಂಬರು ಬಿಟ್ಟು ಬಿದಿರ ಮೆಳೆಗಳ ನಡುವಿನ ಮಣ್ಣುದಾರಿಗೆ ಇಳಿಯಬೇಡಿ, ಬೇರುಗಳಿಗೆ ಬಡಿದು ಗಾಡಿ ಕುಣಿಯುತ್ತದೆ. ಬೀದಿನಾಯಿಗಳ ಗುಂಪು ಕಂಡರೆ ಓಟ ನಿಲ್ಲಿಸಿ ನಡೆಯಿರಿ.

ಕೆರೆಗಳ ವಿಷಯ. ಸ್ಯಾಂಕಿ ಕೆರೆಯ ಒಂದು ಸುತ್ತು 2 ಕಿ.ಮೀ.ಗೂ ಕಡಿಮೆ, ಮೂವರು ಸಾಲಾಗಿ ಮಾತಾಡಿಕೊಂಡು ನಡೆದರೆ ಗಾಡಿಗೆ ದಾರಿಯಿಲ್ಲ. ಯಾವ ಕೆರೆಯಾದರೂ ಸರಿ, ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದ್ದರೆ ಪ್ರತಿ ಸಂದಿಗೂ ಚಕ್ರ ಟಕಟಕ ಅನ್ನುತ್ತದೆ. ನಿಮ್ಮ ಅಂಗೈಗೆ ನಡುಕ ಬರುತ್ತಿದೆ ಎಂದರೆ ಮಗುವಿನ ತಲೆಗೂ ಅದು ತಲುಪುತ್ತಿದೆ ಎಂದೇ ಅರ್ಥ. ಅಲ್ಲಿ ನಡೆಯಿರಿ. ಸಂಜೆ ಸೊಳ್ಳೆ ಬೇರೆ.

ಜಾಗ ಯಾವುದೇ ಆಗಲಿ, ಕೆಲವನ್ನು ಬಿಡುವಂತಿಲ್ಲ. ಮಗುವಿಗೆ ಕನಿಷ್ಠ 6ರಿಂದ 8 ತಿಂಗಳಾಗಿ, ಕತ್ತು ಗಟ್ಟಿಯಾಗಿ, ಆಸರೆಯಿಲ್ಲದೆ ಕೂರುವಂತಾಗಬೇಕು. ಮಕ್ಕಳ ಡಾಕ್ಟರನ್ನು ಒಂದು ಮಾತು ಕೇಳಿಯೇ ಓಡಿ. ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರಿನಲ್ಲಿ ಮಗುವನ್ನು ಹಾಕಿಕೊಂಡು ಓಡುವುದು ಎಂದಿಗೂ ಬೇಡ. ಮುಂದಿನ ಚಕ್ರ ನೇರಕ್ಕೆ ಲಾಕ್, ಐದು ಕಡೆಯ ಬೆಲ್ಟ್, ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ದಾಟದಷ್ಟು ಗಾಳಿ. ಬಿಸಿಲೆಂದು ಗಾಡಿಯ ಮೇಲೆ ಟವೆಲ್ ಹೊದಿಸಬೇಡಿ, ಒಳಗೆ ಗಾಳಿಯಾಡದೆ ಕಾವು ಏರುತ್ತದೆ. ಬದಲಿಗೆ ಗಾಡಿಗೇ ಇರುವ ಬಿಸಿಲ ಮರೆಯನ್ನು ಬಿಚ್ಚಿ.

ಕಾರಿಲ್ಲದೆ, ವಾರಕ್ಕೆ ಮೂರು ಬೆಳಗ್ಗೆ 5 ಕಿ.ಮೀ. ಓಡುವ ನನ್ನಂಥವರಿಗೆ ಲೆಕ್ಕ ಸರಳ. ಎರಡು ದಿನ ಮೆಟ್ರೊ ಹಿಡಿದು ಲಾಲ್‌ಬಾಗ್, ಭಾನುವಾರ ಕಬ್ಬನ್ ಪಾರ್ಕ್. ಭಾನುವಾರ ಮೆಟ್ರೊ ತಡವಾಗಿ ಶುರುವಾದರೂ ಅಲ್ಲಿ ವಾಹನದ ಗಡಿಬಿಡಿ ಇಲ್ಲದ ಕಾರಣ ನಷ್ಟವಿಲ್ಲ. ಮನೆ ಹಿಂದಿನ ಪಾರ್ಕಿನಲ್ಲೇ ಓಡಬೇಕು, ಗೇಟು ಕಿರಿದು ಅಂತಾದರೆ ಗಾಡಿಗೆ ಹಣ ಸುರಿಯಬೇಡಿ. ಮನೆಯವರೊಬ್ಬರು ಬೆಂಚಿನಲ್ಲಿ ಮಗುವನ್ನು ಆಡಿಸುತ್ತಿರಲಿ, ನೀವು ಸುತ್ತು ಹಾಕಿ, ಆಮೇಲೆ ಅದಲುಬದಲಾಗಿ. ಏಪ್ರಿಲ್–ಮೇ ತಿಂಗಳಲ್ಲಿ ಹಿಂದಿನ ರಾತ್ರಿ ಗಾಳಿಮಳೆ ಹೊಡೆದಿದ್ದರೆ ಈ ಮೂರೂ ಕಡೆ ದೊಡ್ಡ ಮರಗಳ ಕೆಳಗೆ ಹೋಗಬೇಡಿ, ಮುರಿದ ಕೊಂಬೆ ಮೇಲೆಯೇ ಸಿಕ್ಕಿಕೊಂಡಿದ್ದು ಮರುದಿನ ಬೀಳುವುದುಂಟು.