11 ವರ್ಷ ಬಳಸಿದ ಸೋನೋಮೀಟರ್: ಪೆಟ್ಟಿಗೆಗೆ ಪೂರ್ತಿ ಅಂಕ, ರಾಟೆ ಮಾತ್ರ ಬದಲಿಸಿಕೊಳ್ಳಿ

ನಾನು ಕರಾವಳಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಬಿಗಿದ ತಂತಿಯ ಕಂಪನ ಅಳೆಯುವ ನಮ್ಮ ಲ್ಯಾಬಿನ ಸೋನೋಮೀಟರ್‌ಗೆ ಈಗ 11 ವರ್ಷ. ಬಂದ ದಿನ ಅದರ ಪ್ಯಾಕಿಂಗ್ ಬಿಚ್ಚಿದವಳೂ ನಾನೇ, ಮೊನ್ನೆ ಅದಕ್ಕೆ ಹೊಸ ತಂತಿ ಹಾಕಿದವಳೂ ನಾನೇ. ಹೊಸದಾಗಿ ಲ್ಯಾಬ್ ಮಾಡುವವರು "ಮೇಡಂ, ನಿಮ್ಮದು ಹೇಗಿದೆ, ತಗೋಬಹುದಾ?" ಅಂತ ಆಗಾಗ ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು.

ವಸ್ತು ತುಂಬಾ ಸರಳ. ಒಂದು ಮೀಟರಿಗಿಂತ ಸ್ವಲ್ಪ ಉದ್ದದ ಪೊಳ್ಳು ಮರದ ಪೆಟ್ಟಿಗೆ. ಬದಿಯಲ್ಲಿ ದುಂಡನೆಯ ತೂತುಗಳು. ಒಂದು ತುದಿಯಲ್ಲಿ ತಂತಿ ಕಟ್ಟುವ ಗೂಟ, ಇನ್ನೊಂದು ತುದಿಯಲ್ಲಿ ರಾಟೆ. ತಂತಿ ರಾಟೆಯ ಮೇಲಿಂದ ಕೆಳಗಿಳಿಯುತ್ತದೆ, ಅದಕ್ಕೆ ಹ್ಯಾಂಗರ್, ಹ್ಯಾಂಗರಿಗೆ ಅರ್ಧರ್ಧ ಕೆಜಿಯ ಬಿಲ್ಲೆಗಳು. ತಂತಿಯ ಅಡಿಯಲ್ಲಿ ಅದನ್ನು ಎತ್ತಿ ಹಿಡಿಯುವ, ಅತ್ತಿತ್ತ ಸರಿಸಬಹುದಾದ ಎರಡು ಬ್ರಿಜ್. ಪಕ್ಕದಲ್ಲೇ ಸ್ಕೇಲು. ಅಂಬಾಲಾದಿಂದ ಬಂದದ್ದು, ಬೆಲೆ ಆಗ ಎರಡು ಸಾವಿರದ ಒಳಗೇ ಇತ್ತು.

ಮೊದಲ ಮಾತು, ಪೆಟ್ಟಿಗೆ ಬಹಳ ಚೆನ್ನಾಗಿದೆ. ತಂತಿ ಸಣ್ಣದು, ಅದೊಂದೇ ಅಲುಗಾಡಿದರೆ ಗಾಳಿಯನ್ನು ಅಷ್ಟೇನೂ ತಳ್ಳುವುದಿಲ್ಲ, ಸದ್ದು ಕೇಳಿಸುವುದೇ ಕಷ್ಟ. ತಂತಿ ಬ್ರಿಜ್ಜನ್ನು ಅಲುಗಿಸಬೇಕು, ಬ್ರಿಜ್ಜು ಪೆಟ್ಟಿಗೆಯ ಹಲಗೆಯನ್ನು ಅಲುಗಿಸಬೇಕು, ಆಗ ನಮ್ಮ ಕಿವಿಗೆ ಬೀಳುತ್ತದೆ. ಹಾಗಾಗಿ ಮೇಲಿನ ಹಲಗೆ ತೆಳುವಾಗಿ, ಬಿರುಕಿಲ್ಲದೆ ಇರಬೇಕು. ನಮ್ಮದು 11 ಮಳೆಗಾಲ ನೋಡಿದೆ. ಒಂದು ಕಡೆ ಜೋಡಣೆ ಬಿಟ್ಟಿತ್ತು, ಫೆವಿಕಾಲ್ ಹಾಕಿ ಒಂದು ರಾತ್ರಿ ಒತ್ತಿಟ್ಟೆವು, ಸರಿಹೋಯಿತು. ಇವತ್ತಿಗೂ ತಂತಿ ಮೀಟಿದರೆ ಹಿಂದಿನ ಬೆಂಚಿನವರೆಗೆ ಕೇಳುತ್ತದೆ.

ಇದನ್ನು ನೋಡದವರಿಗೆ ಹೇಳುತ್ತೇನೆ, ನಡೆಯುವುದು ಹೀಗೆ. ಎರಡು ಬ್ರಿಜ್‌ಗಳ ನಡುವೆ ತಂತಿಯ ಮೇಲೆ ಒಂದು ಚೂರು ಕಾಗದವನ್ನು ಮಡಚಿ ಕುದುರೆ ಸವಾರನ ಹಾಗೆ ಕೂರಿಸುತ್ತೇವೆ. 256 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು (ಬಡಿದರೆ ಸೆಕೆಂಡಿಗೆ 256 ಸಲ ಕಂಪಿಸುವ ಲೋಹದ ಕವಲುಕಡ್ಡಿ) ರಬ್ಬರ್ ತುಂಡಿಗೆ ಬಡಿದು, ಅದರ ಹಿಡಿಯನ್ನು ಪೆಟ್ಟಿಗೆಯ ಮೇಲೆ ಒತ್ತುತ್ತೇವೆ. ಬ್ರಿಜ್ ಸರಿಸುತ್ತಾ ಹೋದಂತೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಕಾಗದ ಸಣ್ಣಗೆ ನಡುಗುತ್ತದೆ. ಇನ್ನೊಂದು ಮಿಲಿಮೀಟರ್ ಸರಿಸಿದರೆ ತಿರುಗಿ ಅಡ್ಡಾಗುತ್ತದೆ. ಇನ್ನೊಂದು ಕೂದಲೆಳೆ ಸರಿಸಿದರೆ, ಯಾರೋ ಒದ್ದ ಹಾಗೆ ಹಾರಿ ಕೆಳಗೆ ಬೀಳುತ್ತದೆ. ತಂತಿಯನ್ನು ಯಾರೂ ಮುಟ್ಟಿಲ್ಲ, ಅಲ್ವಾ? ಪ್ರತಿ ವರ್ಷ ಆ ಕ್ಷಣದಲ್ಲಿ ಮಕ್ಕಳ ಮುಖ ನೋಡುತ್ತೇನೆ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಾಗಿದೆ.

ನಮ್ಮ ತಂತಿ ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನದು, ಮೀಟರಿಗೆ 1.54 ಗ್ರಾಂ ತೂಗುತ್ತದೆ. 4 ಕೆಜಿ ನೇತುಹಾಕಿದರೆ ಎಳೆತ 39.2 ನ್ಯೂಟನ್. ಎಳೆತವನ್ನು ಮೀಟರಿಗಿಷ್ಟು ಅನ್ನುವ ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದರೆ ತಂತಿಯ ಮೇಲೆ ಅಲೆ ಓಡುವ ವೇಗ ಸಿಗುತ್ತದೆ. ಇಲ್ಲಿ ಸೆಕೆಂಡಿಗೆ ಸುಮಾರು 160 ಮೀಟರ್. ಗಾಳಿಯಲ್ಲಿ ಸದ್ದು ಓಡುವ ವೇಗದ ಅರ್ಧಕ್ಕಿಂತ ಕಮ್ಮಿ. ಅಲೆ ಒಂದು ಬ್ರಿಜ್‌ನಿಂದ ಹೊರಟು, ಇನ್ನೊಂದಕ್ಕೆ ಬಡಿದು, ವಾಪಸ್ ಬರಬೇಕು. ಫೋರ್ಕಿನ ತಾಳಕ್ಕೆ ಸರಿಯಾಗಿ ಸೆಕೆಂಡಿಗೆ 256 ಸಲ ಹೀಗೆ ಹೋಗಿ ಬರಬೇಕಾದರೆ ಬ್ರಿಜ್‌ಗಳ ನಡುವೆ 31.2 ಸೆಂ.ಮೀ. ಇರಬೇಕು. ಅಲ್ಲೇ ಕಾಗದ ಹಾರುವುದು. 512ರ ಫೋರ್ಕ್ ಇಟ್ಟರೆ 15.6ಕ್ಕೆ ಹಾರುತ್ತದೆ, ಸರಿಯಾಗಿ ಅರ್ಧ.

ತೂಕದ ಲೆಕ್ಕ ಮಕ್ಕಳಿಗೆ ಅಷ್ಟು ಬೇಗ ಒಗ್ಗುವುದಿಲ್ಲ. ಸ್ವರ ಒಂದು ಸ್ಥಾಯಿ ಮೇಲೆ ಹೋಗಬೇಕು (ಕಂಪನಗಳ ಸಂಖ್ಯೆ ಎರಡರಷ್ಟಾಗಬೇಕು) ಅಂದರೆ ತೂಕ ಎರಡರಷ್ಟು ಮಾಡಿದರೆ ಸಾಲದು, ನಾಲ್ಕರಷ್ಟು ಮಾಡಬೇಕು. 16ನೇ ಶತಮಾನದ ಇಟಲಿಯಲ್ಲಿ ತಂತಿಗಳಿಗೆ ತೂಕ ಕಟ್ಟಿ ಇದನ್ನು ಕಂಡುಕೊಂಡವರು ವಿಂಚೆಂಜೊ ಗೆಲಿಲಿ, ಲ್ಯೂಟ್ ಅನ್ನುವ ತಂತಿವಾದ್ಯದ ವಾದಕರು, ಗೆಲಿಲಿಯೋನ ತಂದೆ. ತಂತಿಯ ಉದ್ದ, ಎಳೆತ, ಮೀಟರಿಗೆ ತಂತಿಯ ತೂಕ ಮೂರನ್ನೂ ಸೇರಿಸಿ ನಿಯಮವಾಗಿ 1636ರಲ್ಲಿ ಪ್ರಕಟಿಸಿದವರು ಫ್ರಾನ್ಸಿನ ಪಾದ್ರಿ, ಗಣಿತಜ್ಞ ಮರ್ಸೆನ್. ನಮ್ಮ ಪೆಟ್ಟಿಗೆಯಲ್ಲಿ 1 ಕೆಜಿ ಹಾಕಿದರೆ 256ಕ್ಕೆ 15.6 ಸೆಂ.ಮೀ., 4 ಕೆಜಿ ಹಾಕಿದರೆ 31.2. ಸ್ಕೇಲಿನ ಮೇಲೆ ಬೆರಳಿಟ್ಟು ತೋರಿಸಬಹುದು.

ಈಗ ದೂರಿನ ವಿಷಯ.

ಮೇಲೆ ಬರೆದದ್ದು ಇವತ್ತಿನ ಅಳತೆಗಳು. ಮೊದಲ ಕೆಲವು ವರ್ಷ ಹಾಗೆ ಬರುತ್ತಿರಲಿಲ್ಲ. 4 ಕೆಜಿಗೆ 256ರ ಫೋರ್ಕ್ ಇಟ್ಟರೆ ಕಾಗದ 30.4ರಲ್ಲೇ ಹಾರುತ್ತಿತ್ತು. ಸೂತ್ರಕ್ಕೆ ಹಾಕಿದರೆ ಫೋರ್ಕಿನ ಆವೃತ್ತಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವುದು) 262 ಅಂತ ಬರುತ್ತಿತ್ತು. ಫೋರ್ಕ್ ಸರಿಯಾಗಿಯೇ ಇತ್ತು, ನನ್ನ ಮೊಬೈಲಿನ ಶ್ರುತಿ ಆ್ಯಪ್‌ನಲ್ಲಿ 256 ತೋರಿಸುತ್ತಿತ್ತು. ಆದರೂ ನಾನು ಅದನ್ನು ಅಳತೆಯ ದೋಷ ಅಂತ ಬಿಟ್ಟುಬಿಟ್ಟಿದ್ದೆ. ಯಾಕೆಂದರೆ ಗ್ರಾಫ್‌ಗಳು ಅಷ್ಟು ಚಂದ ಬರುತ್ತಿದ್ದವು! ಉದ್ದ ಮತ್ತು ಆವೃತ್ತಿಯ ಗುಣಲಬ್ಧ ಎಲ್ಲಾ ಫೋರ್ಕ್‌ಗಳಿಗೂ ಒಂದೇ. ತೂಕದ ವರ್ಗಮೂಲ ಮತ್ತು ಉದ್ದದ ಗ್ರಾಫ್ ನೇರ ಗೆರೆ, ಮೂಲಬಿಂದುವಿನ ಮೂಲಕವೇ ಹೋಗುತ್ತಿತ್ತು. ಇನ್ನೇನು ಬೇಕು ಅಂದುಕೊಂಡಿದ್ದೆ.

ಒಂದು ದಿನ ಒಬ್ಬ ಹುಡುಗಿ ಲ್ಯಾಬಿಗೆ ತಡವಾಗಿ ಬಂದಳು. ಹಿಂದಿನ ಬ್ಯಾಚಿನವರು ಹ್ಯಾಂಗರಿನಲ್ಲಿ 5 ಕೆಜಿ ಹಾಗೇ ಬಿಟ್ಟು ಹೋಗಿದ್ದರು. ಅವಳು ಬಿಲ್ಲೆಗಳನ್ನು ಪೂರ್ತಿ ಇಳಿಸಿ ಮತ್ತೆ ಏರಿಸುವ ಬದಲು, ಇದ್ದಲ್ಲಿಂದಲೇ ಒಂದೊಂದಾಗಿ ತೆಗೆಯುತ್ತಾ ಅಳತೆ ಬರೆದಳು. 4 ಕೆಜಿಗೆ ಅವಳಿಗೆ ಬಂದದ್ದು 31.9. ಮಿಕ್ಕವರೆಲ್ಲರದ್ದು 30.4. ತಪ್ಪಾಗಿದೆ, ಇನ್ನೊಂದು ಸಲ ಮಾಡು ಅಂದೆ. ಮಾಡಿದಳು, ಮತ್ತೆ 31.9. ಆಮೇಲೆ ರೆಕಾರ್ಡ್ ಹಿಡಿದುಕೊಂಡು ಬಂದು ಕೇಳಿದಳು: "ಮೇಡಂ, ಅವರೆಲ್ಲ ತೂಕ ಹಾಕ್ತಾ ಹೋದ್ರು. ನಾನು ತೆಗೀತಾ ಬಂದೆ. ಅದರಿಂದ ಏನಾದ್ರೂ ವ್ಯತ್ಯಾಸ ಆಗುತ್ತಾ?"

ಆಗುತ್ತದೆ! ಅವಳ ಅಳತೆಯನ್ನು ಸೂತ್ರಕ್ಕೆ ಹಾಕಿದೆವು, 250 ಬಂತು. 262 ಮತ್ತು 250, ನಡುವೆ ಸರಿಯಾಗಿ 256. ಇಬ್ಬರೂ ರಾಟೆಯ ಹತ್ತಿರ ಬಗ್ಗಿ ನೋಡಿದೆವು. ಉಪ್ಪುಗಾಳಿಗೆ ಅಚ್ಚು ತುಕ್ಕು ಹಿಡಿದು ಕಂದು ಪುಡಿ ಉದುರುತ್ತಿತ್ತು.

ಆಗಿದ್ದು ಇಷ್ಟು. ಒಂದು ಕೆಜಿ ಹಾಕಿದರೆ ಈ ತಂತಿ ಹಿಗ್ಗುವುದು ಬರೀ ಕಾಲು ಮಿಲಿಮೀಟರ್. ಅಷ್ಟೇ ಅಷ್ಟು ರಾಟೆ ತಿರುಗಬೇಕು. ಅಚ್ಚು ಹಿಡಿದುಕೊಂಡರೆ ಎಳೆತದ ಒಂದು ಪಾಲನ್ನು ರಾಟೆಯೇ ನುಂಗಿಕೊಳ್ಳುತ್ತದೆ. ಕೆಳಗೆ 4 ಕೆಜಿ ನೇತಾಡುತ್ತಿದ್ದರೂ ಮೇಲಿನ ತಂತಿಗೆ ತಲುಪುತ್ತಿದ್ದದ್ದು 3.8ರಷ್ಟು ಮಾತ್ರ. ತೂಕ ತೆಗೆಯುವಾಗ ಇದೇ ಉಲ್ಟಾ. ತಂತಿ ಕುಗ್ಗಿ ಹಿಂದೆ ಸರಿಯಬೇಕು, ರಾಟೆ ಬಿಡುವುದಿಲ್ಲ, ತಂತಿಯಲ್ಲಿ 4.2ರಷ್ಟು ಎಳೆತ ಉಳಿದುಬಿಡುತ್ತದೆ. ಶೇಕಡಾ 5ರಷ್ಟು ಕಮ್ಮಿ, ಶೇಕಡಾ 5ರಷ್ಟು ಜಾಸ್ತಿ. ಇನ್ನು ಗ್ರಾಫ್ ಯಾಕೆ ಸುಳಿವು ಕೊಡಲಿಲ್ಲ? ರಾಟೆಯ ಘರ್ಷಣೆ ತೂಕದ ಜೊತೆಗೇ ಏರುತ್ತದೆ. ಪ್ರತಿ ತೂಕಕ್ಕೂ ಅದೇ ಶೇಕಡಾ 5. ಗೆರೆಯ ಇಳಿಜಾರು ಬದಲಾಗುತ್ತದೆ ಹೊರತು ಗೆರೆ ಬಾಗುವುದಿಲ್ಲ. ನೇರ ಗೆರೆ ನೋಡಿ ನಾನು ಸಮಾಧಾನಪಟ್ಟುಕೊಂಡಿದ್ದೆ. ಆ ಹುಡುಗಿಯ ಮೇಲೆ ಇವತ್ತಿಗೂ ನನಗೆ ತುಂಬು ಅಭಿಮಾನ.

ಅದೇ ವಾರ ಇನ್ನೊಂದು ಹಳೇ ತಕರಾರು ಬಗೆಹರಿಯಿತು. ಎರಡನೇ ಪಿಯುಸಿಯವರು ಇದೇ ಪೆಟ್ಟಿಗೆಯಲ್ಲಿ ಮನೆಗೆ ಬರುವ ಎಸಿ ಕರೆಂಟಿನ ಆವೃತ್ತಿ ಅಳೆಯುತ್ತಾರೆ. ಹಿತ್ತಾಳೆ ತಂತಿ ಕಟ್ಟಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮತ್ತು ಕರೆಂಟನ್ನು ಹೆಚ್ಚು ಕಮ್ಮಿ ಮಾಡುವ ರಿಯೋಸ್ಟಾಟ್ ಮೂಲಕ ಅದರಲ್ಲಿ ಸ್ವಲ್ಪ ಕರೆಂಟ್ ಹರಿಸಿ, ನಡುವಿನಲ್ಲಿ ಲಾಳಾಕಾರದ ಅಯಸ್ಕಾಂತ ಇಡುವುದು. ತಂತಿ ಕರೆಂಟಿನ ತಾಳಕ್ಕೇ ಕುಣಿಯುತ್ತದೆ. ಅರ್ಧ ಕೆಜಿಗೆ 54 ಸೆಂ.ಮೀ. ಹತ್ತಿರ ಕಾಗದ ಹಾರಬೇಕು. ನಮಗೆ 53ಕ್ಕೂ ಒಳಗೇ ಹಾರಿ, ಆವೃತ್ತಿ 51.3 ಬರುತ್ತಿತ್ತು. "ನಮ್ಮೂರ ಕರೆಂಟೇ ಹಾಗೆ" ಅಂತ ಎಲ್ಲರೂ ಒಪ್ಪಿಕೊಂಡಿದ್ದೆವು.

ಅದು ತಪ್ಪು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್ (ವಿದ್ಯುತ್ ಜಾಲ) ದೇಶದ ಉಳಿದ ಗ್ರಿಡ್ ಜೊತೆ ಸೇರಿತು. ಅಂದಿನಿಂದ ಇಡೀ ದೇಶದ ಗ್ರಿಡ್‌ಗೆ ಒಂದೇ ಆವೃತ್ತಿ. ಅದನ್ನು 49.90ರಿಂದ 50.05 ಹರ್ಟ್ಸ್ ಒಳಗೆ ಇಡಬೇಕು ಅನ್ನುವುದು ನಿಯಮ. ನಮ್ಮೂರಲ್ಲಿ ವೋಲ್ಟೇಜ್ ಇಳಿಯಬಹುದು, ಕರೆಂಟೇ ಹೋಗಬಹುದು. ಆದರೆ ನಮ್ಮೂರಿಗೆ ಮಾತ್ರ 51.3 ಅಂತ ಇರುವುದಿಲ್ಲ. ಈಗ ನಾನು ಇದನ್ನು ತಿರುಗಿಸಿ ಬಳಸುತ್ತೇನೆ. ವರ್ಷದ ಮೊದಲ ದಿನ ಎಸಿ ಪ್ರಯೋಗ ಮಾಡಿ ನೋಡುವುದು. 50 ಬರದಿದ್ದರೆ ಗೋಡೆಯ ಪ್ಲಗ್ಗಿನ ಮೇಲೆ ಅಲ್ಲ, ರಾಟೆಯ ಮೇಲೆ ಅನುಮಾನ. ಒಂದು ಎಚ್ಚರ ಮಾತ್ರ: ಉಕ್ಕಿನ ತಂತಿ ಕಟ್ಟಿ ಮೇಲೆ ಎಸಿ ವಿದ್ಯುತ್ಕಾಂತ ಹಿಡಿದರೆ ತಂತಿ 100 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ. ಕರೆಂಟ್ ಯಾವ ದಿಕ್ಕಿಗೆ ಹರಿದರೂ ಉಕ್ಕನ್ನು ಎಳೆಯುವುದರಿಂದ, ಒಂದು ಆವರ್ತಕ್ಕೆ ಎರಡು ಎಳೆತ. ಅಲ್ಲಿ ಬಂದದ್ದನ್ನು ಅರ್ಧ ಮಾಡಿಕೊಳ್ಳಬೇಕು.

ರಾಟೆಗೆ ಏನು ಮಾಡಿದೆವು ಅಂದರೆ, ಪೇಟೆಯ ಲೇತ್ ಅಂಗಡಿಯಲ್ಲಿ ಬಾಲ್ ಬೇರಿಂಗ್ ಕೂರಿಸಿದ ಹಿತ್ತಾಳೆ ರಾಟೆ ಮಾಡಿಸಿದೆವು. ಈಗ ತೂಕ ಏರಿಸುವಾಗ 31.1, ಇಳಿಸುವಾಗ 31.2. ಸಾಕು. ಆದರೂ ಪ್ರತಿ ಸಲ ತೂಕ ಬದಲಿಸಿದ ಮೇಲೆ ರಾಟೆಗೆ ಬೆರಳಲ್ಲಿ ಎರಡು ಸಲ ತಟ್ಟಿ, ತಂತಿಯನ್ನು ಒಮ್ಮೆ ಮೀಟಿ, ಆಮೇಲೆ ಅಳೆಯಿರಿ. ಬ್ರಿಜ್ಜಿನ ಮೇಲೂ ತಂತಿ ಕಚ್ಚಿಕೊಳ್ಳುತ್ತದೆ, ಮೀಟಿದರೆ ಬಿಡುತ್ತದೆ.

ತಂತಿಯ ವಿಷಯ. ಜೊತೆಗೆ ಬಂದ ತಂತಿ ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು, ಗೂಟದ ಹತ್ತಿರ ಮಡಚಿದ ಜಾಗದಲ್ಲೇ ತುಂಡಾಯಿತು. ತುಂಡಾದ ತಂತಿ ಚಾಟಿಯ ಹಾಗೆ ಬೀಸುತ್ತದೆ, ಮುಖ ಹತ್ತಿರ ಇಟ್ಟುಕೊಂಡು ಕಾಗದ ನೋಡುವ ಮಕ್ಕಳಿಗೆ ಅಪಾಯ. ನಮ್ಮಲ್ಲಿ ಕನ್ನಡಕ ಕಡ್ಡಾಯ, ಹ್ಯಾಂಗರ್ ಅಡಿಯಲ್ಲಿ ಮರಳಿನ ತಟ್ಟೆ ಕಡ್ಡಾಯ. ಲ್ಯಾಬ್ ಮುಗಿದ ಮೇಲೆ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿ, ಮುಂದಿನ ಸಲಕ್ಕೆ ಮೊದಲು ಒಣ ಬಟ್ಟೆಯಲ್ಲಿ ತೆಗೆಯಿರಿ. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಅಂಟುತ್ತದೆ.

ತಂತಿಯ ದಪ್ಪವನ್ನು ಸ್ಕ್ರೂ ಗೇಜ್‌ನಲ್ಲಿ ಅಳೆದು ತೂಕ ಲೆಕ್ಕ ಹಾಕುವ ಬದಲು, ಉದ್ದದ ತುಂಡು ಕತ್ತರಿಸಿ ತೂಗುವುದು ಎಷ್ಟೋ ಮೇಲು. ಅರ್ಧ ಮಿಲಿಮೀಟರಿನಲ್ಲಿ ಸ್ಕ್ರೂ ಗೇಜ್ ಒಂದು ಗೆರೆ ತಪ್ಪಿದರೆ ಉತ್ತರ ಶೇಕಡಾ 2ರಷ್ಟು ಹೋಗುತ್ತದೆ. ನಾವು 5 ಮೀಟರ್ ತೂಗಿ ಐದರಿಂದ ಭಾಗಿಸುತ್ತೇವೆ.

ಸಿಲಬಸ್‌ನಲ್ಲಿ ಇಲ್ಲದಿದ್ದರೂ ನಾನು ತಪ್ಪದೆ ಮಾಡಿಸುವ ಒಂದು ಆಟ ಇದೆ. ಬ್ರಿಜ್‌ಗಳನ್ನು 90 ಸೆಂ.ಮೀ. ದೂರ ಇಡಿ. 45, 60, 75ರಲ್ಲಿ ಒಂದೊಂದು ಕಾಗದ ಕೂರಿಸಿ. 30ರಲ್ಲಿ ಬೆರಳನ್ನು ಹಗುರಾಗಿ ತಾಗಿಸಿ, 15ರಲ್ಲಿ ಮೀಟಿ. 45 ಮತ್ತು 75ರ ಕಾಗದ ಹಾರಿಹೋಗುತ್ತದೆ, 60ರದ್ದು ಅಲ್ಲಾಡದೆ ಕೂತಿರುತ್ತದೆ. ತಂತಿ ಮೂರು ಪಾಲಾಗಿ ಕುಣಿಯುತ್ತಿದೆ, 60 ಅದರ ನಿಶ್ಚಲ ಬಿಂದು. ಸುಮ್ನೆ ಬೋರ್ಡಿನ ಮೇಲೆ ಬಿಡಿಸಿದರೆ ಇದು ನಾಟುವುದಿಲ್ಲ.

ಮನೆಯಲ್ಲಿ ತಂಬೂರಿ ಇರುವ ಮಕ್ಕಳು "ಅದರಲ್ಲೂ ಹೀಗೇನಾ?" ಅಂತ ಕೇಳುತ್ತಾರೆ. ಪೂರ್ತಿ ಹೀಗಲ್ಲ. ಸೋನೋಮೀಟರಿನ ಬ್ರಿಜ್ ಚೂಪು, ತಂತಿಯ ಉದ್ದ ಎಲ್ಲಿ ಮುಗಿಯಿತು ಅನ್ನುವುದು ಸ್ಪಷ್ಟ. ತಂಬೂರಿಯ ಕುದುರೆ, ಅಂದರೆ ಅದರ ಬ್ರಿಜ್, ಅಗಲ, ಬಾಗಿದ ಮೈ. ನೂಲು ಇಟ್ಟರೆ ತಂತಿ ಅದರ ಮೇಲೆ ತಾಗಿ ತಾಗಿ ಬಿಡುತ್ತದೆ. ಸಾಮಾನ್ಯ ತಂತಿಯಲ್ಲಿ ಒಂದು ಸ್ವರಾಂಶದ (ತಂತಿ ಎರಡು, ಮೂರು ಪಾಲಾಗಿ ಕುಣಿದಾಗ ಹುಟ್ಟುವ ಮೇಲಿನ ಸ್ವರದ) ನಿಶ್ಚಲ ಬಿಂದುವಿನಲ್ಲೇ ಮೀಟಿದರೆ ಆ ಸ್ವರಾಂಶ ಹುಟ್ಟಬಾರದು. ತಂಬೂರಿ, ವೀಣೆಗಳಲ್ಲಿ ಅದು ಕೇಳಿಸಿಯೇ ಕೇಳಿಸುತ್ತದೆ ಅಂತ ಸಿ.ವಿ. ರಾಮನ್ 1921ರಲ್ಲಿ ಬರೆದರು. ಇನ್ನೊಂದು ವ್ಯತ್ಯಾಸ: ವೀಣೆಯ ತಂತಿ ಬಿಸಿಲಿಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಸೋನೋಮೀಟರಿನಲ್ಲಿ ಎಳೆತ ಕೊಡುವುದು ನೇತಾಡುವ ತೂಕ. ತಂತಿ ಬಿಸಿಯಾಗಿ ಹಿಗ್ಗಿದರೂ ತೂಕ ಅದೇ.

ತಗೊಳ್ಳುವವರಿಗೆ: ಅಂಗಡಿಯಲ್ಲೇ 2 ಕೆಜಿ ಹಾಕಿಸಿ ತಂತಿ ಮೀಟಿ ಕೇಳಿ. ಹಲಗೆ ಗರಗರ ಅಂದರೆ ಬೇಡ. ರಾಟೆಯನ್ನು ಬೆರಳಲ್ಲಿ ತಿರುಗಿಸಿ ಬಿಡಿ, ಒಂದೆರಡು ಸುತ್ತಾದರೂ ತಾನಾಗಿ ತಿರುಗಬೇಕು. ಬ್ರಿಜ್ಜಿನ ಅಂಚಿಗೆ ಲೋಹದ ಪಟ್ಟಿ ಇರಬೇಕು, ಬರೀ ಮರವಾದರೆ ತಂತಿ ಕೊರೆದು ಗುಂಡಿ ಮಾಡುತ್ತದೆ. ಬಿಲ್ಲೆಗಳನ್ನು ಒಂದು ಸಲ ತೂಗಿ ನೋಡಿ. ನಮ್ಮ ಅರ್ಧ ಕೆಜಿಯ ಒಂದು ಬಿಲ್ಲೆ 488 ಗ್ರಾಂ ಇತ್ತು, ಅದರ ಮೇಲೆ ಪೇಂಟಿನಲ್ಲಿ ಹಾಗೇ ಬರೆದಿಟ್ಟಿದ್ದೇವೆ. ಲ್ಯಾಬಿಗೆ ಇನ್ನೊಂದು ಬೇಕಾಗಿದೆ, ಮುಂದಿನ ತಿಂಗಳು ಇದೇ ಮಾದರಿಯನ್ನೇ ತರಿಸುತ್ತಿದ್ದೇನೆ. ರಾಟೆ ಮಾಡಿಸಲು ಲೇತ್ ಅಂಗಡಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.